ಹಿಂದಿನಿಂದ ಬಂದ ಸಪ್ಪಳ

ಒಂದೇ ಕಿವಿಯಿಂದ ಐವತ್ತು ವರ್ಷಕ್ಕೂ ಮಿಕ್ಕಿ ಕಾಲ ಕಳೆದ ಮನುಷ್ಯನಿಗೆ, ಎರಡೂ ಕಿವಿಯುಳ್ಳವರು ಹಾಕಿಕೊಳ್ಳತಕ್ಕ ಯಂತ್ರವೊಂದನ್ನು ಆರಿಸಿಕೊಡೆಂದು ಮನೆಮಂದಿಯೆಲ್ಲ ಅಪ್ಪಣೆ ಮಾಡಿದರೆ, ಅವನು ನಗಬೇಕೋ ಅಳಬೇಕೋ ವಾಚಕರೇ ಹೇಳಬೇಕು. ಕಳೆದ ಮಳೆಗಾಲದಲ್ಲಿ ದುಮ್ಮವಾಡದ ನಮ್ಮ ಮನೆಯಲ್ಲಿ ನನಗೆ ಈ ಪ್ರಸಂಗ ಒದಗಿತು.

ನನ್ನ ಅಣ್ಣನ ಮಗನು ಕಲಘಟಗಿಯಲ್ಲಿ ಪಿ.ಯು.ಸಿ. ಓದುತ್ತಿರುವನು. ಓದಿನ ಸಲುವಾಗಿಯೆಂದು ಮನೆಗೆ ಬಂದ ಹಳೆಯ ಕಂಪ್ಯೂಟರಿನ ಮೇಲೆ ಓದು ಎಷ್ಟು ನಡೆಯುವದೋ ತಿಳಿಯದು, ಆಟವಂತೂ ನಡೆಯುತ್ತದೆ. ಮೊದಲು ಅವನು ಮೊಬೈಲಿನಲ್ಲಿ ಪಬ್‌ಜಿ ಆಡುತ್ತಿದ್ದನು. 2020ರ ಸೆಪ್ಟಂಬರದಲ್ಲಿ ಸರಕಾರವು ಅದನ್ನು ತಡೆದಾಗ ನಮ್ಮ ಅತ್ತಿಗೆಯವರು ಬನಶಂಕರಿಗೆ ಕಾಯಿ ಒಡೆಯಿಸಿದರು. ಮರುವರ್ಷವೇ ಅದು ಬೇರೆ ಹೆಸರಿನಿಂದ ಮರಳಿ ಬಂದಿತು. ಒಡೆದ ಕಾಯಿ ಮರಳಿ ಬರಲಿಲ್ಲ. ಈಗಿನದು ವ್ಯಾಲೊರಂಟ್ ಎಂಬ ಆಟ. ಐದು ಐದು ಮಂದಿಯ ಎರಡು ಪಂಗಡಗಳು. ನಡುವೆ ಗೋಡೆ, ಓಣಿ, ಮೆಟ್ಟಿಲು, ಮೂಲೆ. ಶತ್ರುವು ಗೋಡೆಯ ಆಚೆ ಇರುವದರಿಂದ ಕಣ್ಣಿಗೆ ಕಾಣುವದಿಲ್ಲ. ಓಡಿದರೆ ಮಾತ್ರ ಅವನ ಹೆಜ್ಜೆಯ ಸಪ್ಪಳ ಕೇಳುತ್ತದೆ. ಮೆಲ್ಲಗೆ ನಡೆದರೆ ಅದೂ ಇಲ್ಲ. ಹೀಗಾಗಿ ಆ ಆಟವನ್ನು ಅರ್ಧ ಕಣ್ಣಿನಿಂದ ಆಡಿದರೆ ಇನ್ನರ್ಧ ಕಿವಿಯಿಂದ ಆಡಬೇಕಾಗುವದು.

"ಕಾಕಾ, ಹೆಜ್ಜಿ ಸಪ್ಪಳ ಕೇಳಸ್ತದ್ರಿ. ಆದ್ರ ಮುಂದಿಂದೋ ಹಿಂದಿಂದೋ ತಿಳಿಯೂದಿಲ್ಲ. ತಿರಗಿ ನೋಡೂದ್ರಾಗ ಹೊಡದು ಹೋಗಿರ್ತಾರ," ಎಂದು ಅವನು ನನ್ನ ಮುಂದೆ ತನ್ನ ದುಃಖವನ್ನು ತೋಡಿಕೊಂಡನು. ಅವನ ಮಿತ್ರರ ಹೆಡ್‌ಫೋನುಗಳ ಮೇಲೆ 'ಏಳು ಪಾಯಿಂಟ್ ಒಂದು' ಎಂದು ಬರೆದಿರುವದಂತೆ. ಅವರಿಗೆ ಎಂಟು ದಿಕ್ಕಿನ ಸಪ್ಪಳವೂ ಬೇರೆ ಬೇರೆಯಾಗಿ ತಿಳಿಯುವದಂತೆ. ಅಣ್ಣನು ಊಟಕ್ಕೆ ಕುಳಿತಲ್ಲಿಂದಲೇ, "ಅಂವಗ ಏನ್ ಬೇಕು ನೀನ ನೋಡಿ ಕೊಡಸು. ಸಾಯನ್ಸ್ ಮಾಸ್ತರ ನೀನಲ್ಲ ಮನ್ಯಾಗ?" ಎಂದು ತೀರ್ಪು ಕೊಟ್ಟನು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಶಬ್ದದ ಪಾಠ ಹೇಳಿದ್ದು ನಿಜ. ಆದರೆ ಆ ಪಾಠದಲ್ಲಿ ದಿಕ್ಕಿನ ಭಾಗವನ್ನು ನಾನು ಪುಸ್ತಕ ನೋಡಿ ಹೇಳುತ್ತಿದ್ದೆನೇ ಹೊರತು ಅನುಭವದಿಂದಲ್ಲ.

ನಾನು ಎಂಟು ವರ್ಷದವನಿದ್ದಾಗ ಮಂಗನಬಾವು ಬಂದಿತು. ವಾರದೊಳಗೆ ಬಾವು ಇಳಿಯಿತು. ಇಳಿಯುವಾಗ ಎಡಗಿವಿಯ ಶ್ರವಣಶಕ್ತಿಯನ್ನು ಸಂಗಡ ಕರೆದುಕೊಂಡು ಹೋಯಿತು. ಆ ಬೇನೆಯಿಂದ ವಿರಳವಾಗಿ ಹೀಗಾಗುವದುಂಟೆಂದೂ, ಆದಾಗ ಬಹುತರ ಒಂದೇ ಕಿವಿಗೆ ಆಗುವದೆಂದೂ ನಾನು ಮುಂದೆ ಓದಿ ತಿಳಿದುಕೊಂಡೆನು. ಆಗ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಸೋಜಿಗವೆಂದರೆ ನನಗೂ ಗೊತ್ತಾಗಲಿಲ್ಲ. ಮಾತು ಕೇಳುತ್ತಿತ್ತು, ಬಯ್ಗಳು ಕೇಳುತ್ತಿದ್ದವು, ಗುಡಿಯ ಗಂಟೆ ಕೇಳುತ್ತಿತ್ತು; ಇನ್ನೇನು ಬೇಕು? ಗೊತ್ತಾದದ್ದು ಕಣ್ಣುಮುಚ್ಚಾಲೆಯ ಆಟದಲ್ಲಿ. ಕಣ್ಣಿಗೆ ಅರಿವೆ ಕಟ್ಟಿಸಿಕೊಂಡು ನಿಂತು, ಸುತ್ತಲಿನ ಹುಡುಗರು ಚಪ್ಪಾಳೆ ತಟ್ಟಿದ ಕಡೆಗೆ ಕೈಚಾಚಿ ಹಿಡಿಯಬೇಕು. ನನಗೆ ಎಲ್ಲ ಚಪ್ಪಾಳೆಗಳೂ ಬಲಗಡೆಯಿಂದಲೇ ಬರುತ್ತಿದ್ದವು. ನಾನು ಬಲಕ್ಕೆ ತಿರುಗುತ್ತ ತಿರುಗುತ್ತ ಗಾಣದ ಎತ್ತಿನಂತೆ ಸುತ್ತು ಹಾಕುತ್ತಿದ್ದರೆ ಹುಡುಗರು ನಕ್ಕು ನಕ್ಕು ನೆಲಕ್ಕೆ ಬೀಳುವರು. ಆ ಬೇಸಿಗೆಯಲ್ಲಿ ನಾನು ನಮ್ಮ ಓಣಿಯ ಕಾಯಂ ಕಳ್ಳನಾದೆನು. ಬರಬರುತ್ತ ಆಡಲು ಹೋಗುವದನ್ನೇ ಬಿಟ್ಟೆನು. ಆದದ್ದರಿಂದ ಹುಡುಗನು 'ಹಿಂದಿಂದೋ ಮುಂದಿಂದೋ ತಿಳಿಯೂದಿಲ್ಲ' ಎಂದಾಗ, ಆಟಕ್ಕೆ ದುಡ್ಡು ಹಾಳು ಮಾಡಬೇಡವೆಂದು ಗದರಿಸುವ ಅಧಿಕಾರವು ಮನೆಯ ಎಲ್ಲರಿಗಿದ್ದರೂ ನನಗೆ ಇರಲಿಲ್ಲ.

ಎರಡು ಕಿವಿಗಳಿಗೆ ದಿಕ್ಕು ಹೇಗೆ ತಿಳಿಯುವದೆಂಬುದನ್ನು ಇಲ್ಲಿ ಸ್ವಲ್ಪ ಹೇಳುವದು ಅವಶ್ಯ. ಇದನ್ನು ಬಿಟ್ಟರೆ ಅಂಗಡಿಯವನ ಮಾತು ನಿಜವೋ ಸುಳ್ಳೋ ತಿಳಿಯಲಾರದು. ಸಾಧಾರಣ ಹವೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ ಓಡುವದು. ಬಲಗಡೆಯಿಂದ ಬಂದ ಸಪ್ಪಳವು ಬಲಗಿವಿಯನ್ನು ಮುಟ್ಟಿದ ಮೇಲೆ ತಲೆಯನ್ನು ಬಳಸಿಕೊಂಡು ಎಡಗಿವಿಗೆ ಹೋಗಲು ಒಂದು ಗೇಣಿನಷ್ಟು ಹಾದಿಯನ್ನು ಹೆಚ್ಚಾಗಿ ನಡೆಯಬೇಕು. ಆ ಗೇಣಿಗೆ ಹಿಡಿಯುವ ಕಾಲವು ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದು ಪಾಲೂ ಅಲ್ಲ. ಅದರ ಮುಕ್ಕಾಲಿಗಿಂತ ಕಡಿಮೆ. ಅಷ್ಟು ಸೂಕ್ಷ್ಮ ಅಂತರವನ್ನು ಮಿದುಳು ಅಳೆದು 'ಬಲಕ್ಕೆ' ಎಂದು ಹೇಳಿಬಿಡುವದು. ದಪ್ಪ ಧ್ವನಿಗೆ ಈ ಕಾಲದ ಲೆಕ್ಕ. ಸಣ್ಣ ಕೀರುಧ್ವನಿಗೆ ತಲೆಯೇ ಅಡ್ಡವಾಗಿ ನೆರಳು ಬೀಳಿಸುವದರಿಂದ ಆಚೆಯ ಕಿವಿಗೆ ಅದು ಮೆಲ್ಲಗೆ ಕೇಳುವದು. ಇಂಗ್ಲೆಂಡಿನ ಲಾರ್ಡ್ ರ‍್ಯಾಲೆಯು 1907ರಲ್ಲಿ ಈ ಎರಡೂ ಬಗೆಗಳನ್ನು ಕೂಡಿಸಿ ವಿವರಿಸಿದನು.

ಆದರೆ ಇಷ್ಟರಿಂದ ಎಡಬಲವು ಮಾತ್ರ ತಿಳಿದೀತು. ನೇರ ಮುಂದಿನಿಂದ ಬಂದರೂ ನೇರ ಹಿಂದಿನಿಂದ ಬಂದರೂ ಶಬ್ದವು ಎರಡೂ ಕಿವಿಗೆ ಒಮ್ಮೆಗೇ ಸಮನಾಗಿ ಮುಟ್ಟುವದಷ್ಟೆ. ಆಗ ಕೆಲಸಕ್ಕೆ ಬರುವದು ನಾವು ಕಡಕು ತೂಗುಹಾಕಲಿಕ್ಕೂ ಮಾಸ್ತರರು ಹಿಂಡಲಿಕ್ಕೂ ಮಾತ್ರ ಇದೆಯೆಂದು ತಿಳಿದಿದ್ದ ಹೊರಗಿವಿ. ಅದರ ಮಡಿಕೆ, ತಗ್ಗು, ಅಂಚುಗಳಿಗೆ ಬಡಿದು ಶಬ್ದದ ಬಣ್ಣವು ತುಸು ಮಾರ್ಪಡುವದು. ಮುಂದಿನಿಂದ ಬಂದದ್ದಕ್ಕೆ ಒಂದು ಬಣ್ಣ, ಹಿಂದಿನಿಂದ ಬಂದದ್ದಕ್ಕೆ ಇನ್ನೊಂದು, ಮೇಲಿನಿಂದ ಬಂದದ್ದಕ್ಕೆ ಮತ್ತೊಂದು. ಪ್ರತಿಯೊಬ್ಬನ ಮಿದುಳೂ ತನ್ನ ಕಿವಿಯ ಮಡಿಕೆಗಳ ಲಿಪಿಯನ್ನು ಶೈಶವದಿಂದಲೇ ಓದಲು ಕಲಿತಿರುತ್ತದೆ. ಅದರ ಮೇಲೂ ಸಂಶಯ ಬಂದರೆ ನಾವು ತಲೆಯನ್ನು ತುಸು ಹೊರಳಿಸುತ್ತೇವೆ, ಸಂಶಯ ತೀರುತ್ತದೆ.

ಇನ್ನು ಹೆಡ್‌ಫೋನಿನ ತೊಡಕು ಇಲ್ಲಿಯೇ ಇದೆ. ಅದು ಹೊರಗಿವಿಯನ್ನು ಬಹುಮಟ್ಟಿಗೆ ತಪ್ಪಿಸಿ ಶಬ್ದವನ್ನು ನೇರವಾಗಿ ಕಿವಿಯ ಬಾಗಿಲಿಗೇ ತಂದು ಸುರಿಯುವದು. ತಲೆ ಹೊರಳಿಸಿದರೆ ಅದೂ ತಲೆಯ ಸಂಗಡವೇ ಹೊರಳುವದು. ಆದ್ದರಿಂದ ಧ್ವನಿಯು ಎಡಕ್ಕೆ, ಬಲಕ್ಕೆ, ಇಲ್ಲವೆ ತಲೆಯ ನಟ್ಟನಡುವೆ ಕುಳಿತಂತೆ ಭಾಸವಾಗುತ್ತದೆಯೇ ಹೊರತು ಹೊರಗೆ ನಿಂತಂತೆ ಅಲ್ಲ. ಎರಡು ಕಿವಿಗೆ ಎರಡು ತಂತಿಯಿಂದ ಕೇಳಿಸುವದು ಹೊಸ ಯುಕ್ತಿಯೇನೂ ಅಲ್ಲ. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಆದೇರ ಎಂಬವನು ದೂರದ ನಾಟ್ಯಗೃಹದ ಗಾಯನವನ್ನು ಎರಡು ದೂರವಾಣಿಗಳಿಂದ ಕೇಳಿಸಿದ್ದನು. ಕೇಳಿದವರಿಗೆ ನಟರು ರಂಗದ ಮೇಲೆ ಅತ್ತಿತ್ತ ಸರಿದದ್ದು ತಿಳಿಯಿತು. 1933ರಲ್ಲಿ ಶಿಕಾಗೋದ ಜಾಗತಿಕ ಪ್ರದರ್ಶನದಲ್ಲಿ ಬೆಲ್ ಪ್ರಯೋಗಾಲಯದವರು ಆಸ್ಕರ ಎಂಬ ಬೊಂಬೆಯ ಕಿವಿಗಳ ಬಳಿ ಮೈಕ್ರೋಫೋನುಗಳನ್ನಿಟ್ಟು, ಬೊಂಬೆಗೆ ಕೇಳಿದ್ದನ್ನು ಜನಕ್ಕೆ ಕೇಳಿಸಿದರು. ಬೊಂಬೆಯ ಬೆನ್ನ ಹಿಂದೆ ಯಾರಾದರೂ ಮಾತಾಡಿದರೆ ಕೇಳುವವರು ತಮ್ಮ ಬೆನ್ನ ಹಿಂದೆ ನೋಡಬೇಕು!

ಈಗಿನ 'ಕೃತಕ ಸುತ್ತುಧ್ವನಿ'ಯು ಆ ಬೊಂಬೆಯ ಮೊಮ್ಮಗುವೇ ಸರಿ. ಸಿನೇಮಾ ಮಂದಿರದಲ್ಲಿ ಸುತ್ತಲೂ ಏಳು ಸ್ಪೀಕರ, ಗುಡುಗಿನಂಥ ದಪ್ಪ ಧ್ವನಿಗೆ ಇನ್ನೊಂದು: ಇದೇ ಏಳು ಪಾಯಿಂಟ್ ಒಂದು. ಹೆಡ್‌ಫೋನಿನಲ್ಲಿ ಅಷ್ಟು ಸ್ಪೀಕರ ಇಡಲು ಸ್ಥಳವೆಲ್ಲಿ? ಆದ್ದರಿಂದ ಆ ಏಳು ಸ್ಥಾನಗಳಿಂದ ಶಬ್ದ ಹೊರಟಿದ್ದರೆ ಎಡಗಿವಿಗೆ ಹೇಗೆ ಮುಟ್ಟುತ್ತಿತ್ತು, ಬಲಗಿವಿಗೆ ಹೇಗೆ ಮುಟ್ಟುತ್ತಿತ್ತು ಎಂಬುದನ್ನು ಕಂಪ್ಯೂಟರು ಲೆಕ್ಕ ಹಾಕಿ, ಕಾಲದ ಅಂತರ, ತಲೆಯ ನೆರಳು, ಹೊರಗಿವಿಯ ಬಣ್ಣ ಎಲ್ಲವನ್ನೂ ಬೆರೆಸಿ ಎರಡೇ ಸ್ಪೀಕರಗಳಿಂದ ಕೊಡುವದು. ಲೆಕ್ಕ ಚೆನ್ನಾದುದೇ. ಆದರೆ ಯಾರ ಕಿವಿಯ ಲೆಕ್ಕ? ಯಾವದೋ ಬೊಂಬೆಯದು, ಇಲ್ಲವೆ ಹತ್ತಾರು ಜನರ ಸರಾಸರಿಯದು. ನಮ್ಮ ಕಿವಿಯು ಆ ಸರಾಸರಿಗೆ ಸಮೀಪವಾಗಿದ್ದರೆ ಹೆಜ್ಜೆಯು ಬೆನ್ನ ಹಿಂದೆಯೇ ಕೇಳುವದು. ದೂರವಿದ್ದರೆ ಪರರ ಕನ್ನಡಕ ಹಾಕಿಕೊಂಡು ಪೇಪರು ಓದಿದಂತೆ. ಇದನ್ನರಿತು 2022ರಿಂದ ಆ್ಯಪಲ್ ಕಂಪನಿಯವರು ತಮ್ಮ ಫೋನಿನ ಕ್ಯಾಮರಾದಿಂದಲೇ ಕೇಳುವವನ ಕಿವಿಯ ಆಕಾರವನ್ನು ತೆಗೆದುಕೊಂಡು ಲೆಕ್ಕವನ್ನು ಸರಿಪಡಿಸುವ ಏರ್ಪಾಡು ಮಾಡಿದ್ದಾರೆ. ಆ ಫೋನಿನ ಬೆಲೆಗೆ ನಮ್ಮಲ್ಲಿ ಒಂದು ಹೋರಿ ಬಂದೀತು.

ಇಷ್ಟು ಸಿದ್ಧತೆಯಿಂದ ಒಂದು ರವಿವಾರ ಕಾಕಾ-ಮಗ ಇಬ್ಬರೂ ಹುಬ್ಬಳ್ಳಿಗೆ ಹೊರಟೆವು. ಕೊಪ್ಪೀಕರ ರಸ್ತೆಯ ಅಂಗಡಿಯೊಂದರಲ್ಲಿ ತರುಣನೊಬ್ಬನು ನಮ್ಮ ಮುಂದೆ ಆರು ಪೆಟ್ಟಿಗೆ ಇಳಿಸಿದನು. ಎಲ್ಲವುಗಳ ಮೇಲೂ ಡ್ರ‍್ಯಾಗನ್, ಎಲುಬು, ಬೆಂಕಿ. ದೀಪಾವಳಿಯ ಆಕಾಶಬುಟ್ಟಿಯಂತೆ ಬಣ್ಣ ಬದಲಿಸುವ ದೀಪಗಳು. ಹುಡುಗನ ಮುಖವೂ ಅದರಂತೆಯೇ ಬಣ್ಣ ಬದಲಿಸತೊಡಗಿತು. ನಾನು, "ಇದರೊಳಗ ಒಂದೊಂದು ಕಡೆ ಸ್ಪೀಕರ ಎಷ್ಟಪಾ?" ಎಂದು ಕೇಳಿದೆನು. ತರುಣನು ಪೆಟ್ಟಿಗೆಯನ್ನು ತಿರುವಿ ಹಾಕಿ, "ಒಂದೊಂದರೀ ಸರ್. ಆದ್ರ ಸೆವೆನ್ ಪಾಯಿಂಟ್ ಒನ್ ಅದ," ಎಂದನು. ಅವನು ಸುಳ್ಳು ಹೇಳಲಿಲ್ಲ. ಆ ಏಳೂ ಒಂದೂ ಇರುವದು ತಂತಿಯ ತುದಿಯ ಚಿಕ್ಕ ಗುಂಡಿಯಲ್ಲಿ, ಇಲ್ಲವೆ ಕಂಪ್ಯೂಟರಿಗೆ ಹಾಕಿಕೊಳ್ಳುವ ತಂತ್ರಾಂಶದಲ್ಲಿ. ಅಂಥ ಲೆಕ್ಕವು ವಿಂಡೋಸಿನಲ್ಲಿ 2017ರಿಂದ ವಿಂಡೋಸ್ ಸೋನಿಕ್ ಎಂಬ ಹೆಸರಿನಿಂದ ಪುಕ್ಕಟೆಯಾಗಿಯೇ ಇದೆ. ಡಾಲ್ಬಿಯವರದು ಬೇಕಾದರೆ ಹಣ ಕೊಡಬೇಕು. ಹುಡುಗನ ಆಟದಲ್ಲಿಯಂತೂ ಅದಕ್ಕೆ ಹೊಂದಿದ ಲೆಕ್ಕವು ಆಟದೊಳಗೇ ಇದೆ, ಹಾಕಿಕೊಂಡರಾಯಿತು. ಪ್ರತಿಯೊಂದು ಹೆಜ್ಜೆ ಎಲ್ಲಿದೆಯೆಂಬುದು ಆಟಕ್ಕೇ ಚೆನ್ನಾಗಿ ಗೊತ್ತಿರುವದರಿಂದ ಅದರ ಲೆಕ್ಕವೇ ಲೇಸು. ನಮ್ಮ ಹುಡುಗನು ಮಿತ್ರನ ಹೆಡ್‌ಫೋನು ತಂದಾಗ ಮೂರನ್ನೂ ಒಮ್ಮೆಗೇ ಹಚ್ಚಿದ್ದನು! ಒಂದೇ ಬಟ್ಟಲು ಚಹಾಕ್ಕೆ ಅತ್ತೆ, ಸೊಸೆ, ನಾದಿನಿ ಮೂವರೂ ಸಕ್ಕರೆ ಹಾಕಿದಂತೆ. ಹೆಜ್ಜೆಗಳೆಲ್ಲ ಬಾವಿಯೊಳಗಿಂದ ಕೇಳಿದವೆಂದು ಅವನು ಹೇಳಿದ್ದು ಇದರಿಂದಲೇ.

ಆದ್ದರಿಂದ ಹಣವನ್ನು ಅಂಕೆಗೂ ದೀಪಕ್ಕೂ ಕೊಡದೆ, ಎಡಬಲವೆರಡೂ ಸರಿಸಮವಾಗಿ ಸ್ವಚ್ಛವಾಗಿ ನುಡಿಯುವ ಸಾದಾ ಹೆಡ್‌ಫೋನಿಗೆ ಕೊಡಬೇಕೆಂದು ನಿಶ್ಚಯಿಸಿದೆವು. ದಪ್ಪ ಧ್ವನಿಯನ್ನು ವಿಪರೀತ ಉಬ್ಬಿಸಿದ್ದು ಬೇಡ. ಗುಂಡಿನ ಗದ್ದಲದಲ್ಲಿ ಹೆಜ್ಜೆ ಮುಳುಗುವದು. ತಂತಿಯಿಲ್ಲದ್ದೂ ಬೇಡ, ಬ್ಲೂಟೂತಿನಲ್ಲಿ ಅನೇಕ ವೇಳೆ ಸೆಕೆಂಡಿನ ಹತ್ತನೆಯ ಒಂದು ಪಾಲೋ ಅದಕ್ಕೂ ಹೆಚ್ಚೋ ತಡವಾಗುವದು. ಹಾಡಿಗೆ ನಡೆದೀತು, ಹೆಜ್ಜೆಗೆ ನಡೆಯದು. ಚಿಕ್ಕ ಬಿಲ್ಲೆಯೊಂದನ್ನು ಕಂಪ್ಯೂಟರಿಗೆ ಸಿಕ್ಕಿಸುವ ಬೇರೆ ಬಗೆಯದರಲ್ಲಿ ತಡ ಕಡಿಮೆ, ಬೆಲೆ ಹೆಚ್ಚು. ಹುಡುಗನಿಗೆ ಕನ್ನಡಕವಿರುವದರಿಂದ ದಿಂಬು ಮೆತ್ತಗಿರಬೇಕು, ಹಿಡಿತ ಬಿಗಿಯಾಗಿರಬಾರದು.

ಉಳಿದದ್ದು ಒಂದೇ ಪ್ರಶ್ನೆ. ವಾದವಾದದ್ದೂ ಅದರ ಮೇಲೆಯೇ. ಹೆಡ್‌ಫೋನಿನ ಬೆನ್ನು ಮುಚ್ಚಿರಬೇಕೋ ತೆರೆದಿರಬೇಕೋ? ಮುಚ್ಚಿದ್ದರೆ ಹೊರಗಿನ ಗದ್ದಲ ಒಳಗೆ ಬಾರದು, ಒಳಗಿನದು ಹೊರಗೆ ಹೋಗದು. ತೆರೆದಿದ್ದರೆ ಧ್ವನಿಯು ತಲೆಯ ಹೊರಗೆ ವಿಶಾಲವಾಗಿ ಹರಡಿದಂತೆ ಕೇಳುವದು, ದಿಕ್ಕಿಗೆ ಅನುಕೂಲ. ಆದರೆ ಮನೆಯ ಸಪ್ಪಳವೆಲ್ಲ ಒಳಗೆ ನುಗ್ಗುವದು. ನಮ್ಮ ಮನೆಯಲ್ಲಿ ಸಪ್ಪಳಕ್ಕೆ ಬರವಿಲ್ಲ. ಮಳೆಗಾಲದಲ್ಲಿ ನೀರಸಾಗರದ ಕಡೆಯಿಂದ ಮೋಡ ಏರಿ ಬಂತೆಂದರೆ ಪಡಸಾಲೆಯ ತಗಡಿನ ಮೇಲೆ ನಗಾರಿ. ಹುಡುಗನಿಗೆ ಮುಚ್ಚಿದ್ದೇ ಬೇಕು. ಅತ್ತಿಗೆಯವರದು ಬೇರೆ ಮಾತು: "ಈಗ ನಾಕು ಸಲ ಒದರಿದರ ಓ ಅಂತಾನ. ಅದನ್ನ ಹಾಕ್ಕೊಂಡ ಮ್ಯಾಲ ಮನಿಗೆ ಬೆಂಕಿ ಬಿದ್ರೂ ಕೇಳೂದಿಲ್ಲ."

ನನಗೆ ಹೆಚ್ಚಿನ ಅಂಜಿಕೆ ಬೇರೆಯದೇ ಇದ್ದಿತು. ಸಪ್ಪಳವನ್ನು ಆಲಿಸುವ ಆಟಗಾರನು ಮೆಲ್ಲನೆಯ ಹೆಜ್ಜೆಗಾಗಿ ಧ್ವನಿಯನ್ನು ಏರಿಸುತ್ತಾನೆ. ಅಷ್ಟರಲ್ಲಿ ಕಿವಿಯ ಪಕ್ಕದಲ್ಲಿಯೇ ಬಂದೂಕು ಹಾರುವದು. ಜಾಗತಿಕ ಆರೋಗ್ಯ ಸಂಸ್ಥೆಯವರು ಹಾಕಿದ ಮಿತಿಯು ಪ್ರಾಯದವರಿಗೆ ವಾರಕ್ಕೆ 40 ತಾಸು, 80 ಡೆಸಿಬೆಲ್, ಮಕ್ಕಳಿಗೆ 75. ಮೂರು ಡೆಸಿಬೆಲ್ ಏರಿದಂತೆಲ್ಲ ತಾಸು ಅರ್ಧಕ್ಕೆ ಇಳಿಯಬೇಕು: 83ಕ್ಕೆ 20 ತಾಸು, 86ಕ್ಕೆ 10, 89ಕ್ಕೆ ಐದೇ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ತಿರುಗಿ ಹುಟ್ಟವು; ಅವು ಹೊಲದ ಪೈರಲ್ಲ. ಈ ಲೆಕ್ಕವನ್ನು ನಾನು ಹುಡುಗನಿಗೆ ಕಾಗದದ ಮೇಲೆ ಬರೆದು ತೋರಿಸಿದೆನು. ಅವನು ವಿನಯದಿಂದ ನೋಡಿ ಕಿಸೆಯಲ್ಲಿ ಇಟ್ಟುಕೊಂಡನು. ಕಿಸೆಗೆ ಹೋದ ಕಾಗದದ ಗತಿ ಮಾಸ್ತರನಾದ ನನಗೆ ಗೊತ್ತಿಲ್ಲದೆ ಇಲ್ಲ.

ಆ ರಾತ್ರಿ ಮಾತ್ರ ಒಂದು ಸಂಗತಿ ನಡೆಯಿತು. ಕೃತಕ ಸುತ್ತುಧ್ವನಿ ಹೇಗಿರುವದೆಂದು ತೋರಿಸುವ ಹುರುಪಿನಿಂದ ಅವನು ಮಿತ್ರನ ಹೆಡ್‌ಫೋನನ್ನು ನನ್ನ ತಲೆಗೆ ಏರಿಸಿ, ಬೆಂಕಿಪೆಟ್ಟಿಗೆಯನ್ನು ಅಲ್ಲಾಡಿಸುತ್ತ ಒಬ್ಬನು ಕೇಳುವವನ ಸುತ್ತಲೂ ತಿರುಗಿದ ಧ್ವನಿಮುದ್ರಣವನ್ನು ಹಚ್ಚಿದನು. "ಈಗ ಎಡಕ್ಕ ಬಂತ್ರಿ... ಈಗ ಹಿಂದ ಹೋತು... ಗೊತ್ತಾತಿಲ್ಲರೀ?" ಎಂದು ಕಣ್ಣರಳಿಸಿ ಕೇಳಿದನು. ನನಗೆ ಬೆಂಕಿಪೆಟ್ಟಿಗೆ ಬಲಗಡೆಗೆ ಹತ್ತಿರ ಬಂದಿತು, ಕ್ಷೀಣವಾಯಿತು, ಮತ್ತೆ ಬಂದಿತು. ಅಷ್ಟೇ. ವಿಜಾಪುರದ ಗೋಲಗುಮ್ಮಟಕ್ಕೆ ಶಾಲೆಯ ಮಕ್ಕಳನ್ನು ಕರೆದೊಯ್ದಾಗಲೂ ಹೀಗೆಯೇ ಆಗಿದ್ದಿತು. ಸುಮಾರು 38 ಮೀಟರ ಆಚೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ದು ನನಗೂ ಸ್ಪಷ್ಟವಾಗಿ ಕೇಳಿತು; ಆದರೆ ಮಾರ್ದನಿಗಳು ಎದ್ದಾಗ ಮಕ್ಕಳು 'ಅಲ್ಲಿ, ಅಲ್ಲಿ, ಇಲ್ಲಿ' ಎಂದು ಬೆರಳು ಮಾಡಿದ ಕಡೆಗೆ ನಾನು ಸುಮ್ಮನೆ ತಲೆಯಾಡಿಸಿದ್ದೆನು. ಇಲ್ಲಿಯೂ ಹಾಗೆ ತಲೆಯಾಡಿಸಬಹುದಾಗಿತ್ತು. ಏಕೋ ಆಡಿಸಲಿಲ್ಲ. "ಇಲ್ಲಪಾ, ನನಗ ತಿಳಿಯೂದಿಲ್ಲ," ಎಂದೆನು.

ನಾನು ಒಂದು ಕಿವಿಗೆ ಮಂದನೆಂಬುದು ಅವನಿಗೆ ಗೊತ್ತಿದ್ದಿತು; ಅದರಿಂದ ಏನು ಹೋಗುವದೆಂಬುದು ಗೊತ್ತಿರಲಿಲ್ಲ. ಅವನು ಏನೂ ಮಾತಾಡದೆ ಹೆಡ್‌ಫೋನನ್ನು ತನ್ನ ತಲೆಗೆ ಹಾಕಿಕೊಂಡು, ಕಂಪ್ಯೂಟರಿನಲ್ಲಿ ಎಡಭಾಗದ ಧ್ವನಿಯನ್ನು ಪೂರ್ತಿ ಆರಿಸಿ ಆಟಕ್ಕೆ ಕುಳಿತನು. ಸಾಲಾಗಿ ಹದಿಮೂರು ಸಲ ಸತ್ತನು. ಬಳಿಕ ಹೆಡ್‌ಫೋನು ತೆಗೆದು ಕೆಳಗಿಟ್ಟು, "ಯಾವಾಗಿಂದರೀ ಕಾಕಾ?" ಎಂದು ಕೇಳಿದನು. ಕಣ್ಣುಮುಚ್ಚಾಲೆಯ ಕಥೆಯನ್ನು ಐವತ್ತು ವರ್ಷದ ತರುವಾಯ ನಾನು ಮೊದಲ ಸಲ ಒಬ್ಬರ ಮುಂದೆ ಹೇಳಿದ್ದು ಅಂದು.

ಮರುದಿನ ಅವನು ನನ್ನ ಮೊಬೈಲನ್ನು ತೆಗೆದುಕೊಂಡು ಏನೋ ತಡಕಾಡಿ, ಎಡಬಲವೆರಡನ್ನೂ ಕೂಡಿಸಿ ಒಂದೇ ಮಾಡುವ 'ಮೋನೋ' ಎಂಬ ಏರ್ಪಾಡನ್ನು ಹಾಕಿಕೊಟ್ಟನು. ಇಂದಿನ ಫೋನುಗಳಲ್ಲಿ, ಶ್ರವಣದ ತೊಂದರೆಯುಳ್ಳವರಿಗೆಂದು ಇಟ್ಟ ಅನುಕೂಲತೆಗಳ ಪೈಕಿ ಇದು ಸಾಮಾನ್ಯವಾಗಿ ಇರುವದು. ವಿಜ್ಞಾನ ಕಲಿಸಿದವನು ಇಷ್ಟು ವರ್ಷ ಅದನ್ನು ನೋಡಿರಲಿಲ್ಲ! ನಾನು ನಿತ್ಯ ಕೇಳುವ ಒಂದು ಖಯಾಲಿನ ಧ್ವನಿಮುದ್ರಣವನ್ನು ಹಚ್ಚಿದೆನು. ಅದರಲ್ಲಿ ಹಾರ್ಮೋನಿಯಮ್ ಇದ್ದಿತು. ಅದನ್ನು ಎಡಕ್ಕೆ ಕೂಡಿಸಿದ್ದರು. ಹಾಡುವವರ ಬೆನ್ನ ಹಿಂದೆ ಎಲ್ಲಿಯೋ ದೂರದಲ್ಲಿ ಸುಳಿಯುತ್ತಿದ್ದ ಅದು ನನ್ನ ಪಾಲಿಗೆ ಅಂದು ಬೆಳಿಗ್ಗೆ ಸಭೆಗೆ ಬಂದು ಕುಳಿತಿತು. ಹನ್ನೆರಡು ವರ್ಷದಿಂದ ಕೇಳಿದ ಹಾಡನ್ನು ನಾನು ಅಂದು ಪೂರ್ಣವಾಗಿ ಕೇಳಿದೆನು.

ಹೆಡ್‌ಫೋನಿನ ವಾದವೂ ಆಮೇಲೆ ಬೇಗನೆ ಮುಗಿಯಿತು. ಹುಡುಗನೇ ಬಂದು, "ಅರ್ಧ ತೆರದದ್ದ ಇರಲಿರಿ," ಎಂದನು. ಅಂಥದು ಹುಬ್ಬಳ್ಳಿಯ ಅಂಗಡಿಯಲ್ಲಿ ದೊರೆಯದೆ ಹೊರಗಿನಿಂದ ತರಿಸಬೇಕಾಯಿತು. ಮೂರೂವರೆ ಸಾವಿರ ರೂಪಾಯಿ ಬಿದ್ದಿತು. ಕಪ್ಪು ಬಣ್ಣ, ದೀಪವಿಲ್ಲ, ಡ್ರ‍್ಯಾಗನ್ನೂ ಇಲ್ಲ. ಅಣ್ಣನು ಅದನ್ನು ಕೈಯಲ್ಲಿ ತೂಗಿ ನೋಡಿ, ಇದಕ್ಕೆ ಎರಡು ಚೀಲ ಗೋವಿನಜೋಳ ಹೋದವೆಂದು ನಿಟ್ಟುಸಿರು ಬಿಟ್ಟನು. ಮೆಲ್ಲನೆಯ ಸಪ್ಪಳವನ್ನು ಎತ್ತಿ ಗಟ್ಟಿಯಾದದ್ದನ್ನು ತಗ್ಗಿಸುವ ಏರ್ಪಾಡೊಂದು ವಿಂಡೋಸಿನಲ್ಲಿಯೇ ಇರುವದನ್ನು ಕಂಡು ಹಚ್ಚಿಕೊಟ್ಟೆನು. ದೂರ ಸಮೀಪದ ಅಂದಾಜು ಅದರಿಂದ ತುಸು ಕೆಡುವದೆಂದು ಹುಡುಗನು ಗೊಣಗಿದರೂ, ಧ್ವನಿಯ ಗುಂಡಿಯು ಅರ್ಧಕ್ಕಿಂತ ಮೇಲೆ ಏರಿಲ್ಲವೆಂಬುದನ್ನು ನಾನು ದಿನಾಲು ಹಾಯ್ದು ಹೋಗುವಾಗ ಕದ್ದು ನೋಡುತ್ತೇನೆ.

ಹಿಂದಿನ ವಾರ ರಾತ್ರಿ ಹತ್ತಕ್ಕೆ ಮಳೆ ನಿಂತಿತ್ತು. ಅವನು ಬಾಗಿಲಿಗೆ ಬೆನ್ನು ಮಾಡಿ ಆಟದಲ್ಲಿ ಮುಳುಗಿದ್ದನು. ನಾನು ಚಹಾದ ಬಟ್ಟಲು ಹಿಡಿದು ಬರಿಗಾಲಿನಿಂದ, ಸಪ್ಪಳವಾಗದಂತೆ ಹಿಂದಿನಿಂದ ಹೋದೆನು. ಅವನು ತಿರುಗದೆಯೇ, "ಬಾಜೂ ಸ್ಟೂಲ್ ಮ್ಯಾಲ ಇಡ್ರಿ ಕಾಕಾ," ಎಂದನು. ನಾನು ಇಟ್ಟು ನಿಂತೆನು. ಆಗ ಅವನು ನಕ್ಕು, "ಕಾಕು ನಿಮ್ಮ ಎಡಕ್ಕ ನಿಂತು ಆಗಿಂದ ಒದರಾಕತ್ಯಾರ್ರಿ," ಎಂದು ಹೇಳಿದನು.

ತಿರುಗಿ ನೋಡಿದೆನು. ಹೌದು, ನಿಂತಿದ್ದಳು.